ಓದುಗರ ಪ್ರಶ್ನೆಗಳಿಗೆ ಉತ್ತರ: ಕ್ವಿಯರ್ ಕಲಾವಿದರು ಮತ್ತು ಸಮುದಾಯದ ಗೋಡೆಗಳು

ಈ ಸಂಚಿಕೆಗೆ ಆರಿಸಿಕೊಂಡಿರುವ ಪತ್ರಗಳೆಲ್ಲ ಒಂದೇ ವಿಷಯವನ್ನು ಕುರಿತವು. ತಮ್ಮ ಲಿಂಗತ್ವವಾಗಲಿ ಒಲವಾಗಲಿ ಬಹುಸಂಖ್ಯಾತರ ರೂಢಿಗಿಂತ ಬೇರೆಯೆಂದು ಗುರುತಿಸಿಕೊಂಡ ಕ್ವಿಯರ್ ಕಲಾವಿದರು, ತಮ್ಮ ಸುತ್ತಲಿನ ಜನರನ್ನು ಜೊತೆಗೆ ಸೇರಿಸಿಕೊಂಡು ಬರೆಯುವ ಭಿತ್ತಿಚಿತ್ರಗಳ ಬಗ್ಗೆ ಹಲವರು ಕೇಳಿದ್ದಾರೆ. ಪತ್ರಗಳನ್ನು ಸಂಕ್ಷೇಪಿಸಲಾಗಿದೆ, ಬರೆದವರ ಹೆಸರುಗಳನ್ನು ಬೇಕೆಂದೇ ಕೈಬಿಡಲಾಗಿದೆ.

ಪ್ರಶ್ನೆ: ಕಲಾವಿದರನ್ನು ಕಲಾವಿದರೆಂದು ಕರೆದರೆ ಸಾಲದೇ? ಚಿತ್ರ ಚೆನ್ನಾಗಿದ್ದರೆ ಅದನ್ನು ಬರೆದವರು ಯಾರನ್ನು ಪ್ರೀತಿಸುತ್ತಾರೆ ಎಂಬ ಸಂಗತಿ ನೋಡುವವರಿಗೆ ಏಕೆ ಬೇಕು?

ಉತ್ತರ: ಯಾರದೋ ಮನೆಯೊಳಗೆ ತೂಗುಹಾಕುವ ಚಿತ್ರದ ಮಟ್ಟಿಗೆ ನಿಮ್ಮ ಮಾತನ್ನು ಒಪ್ಪಬಹುದು. ಆದರೆ ಬೀದಿಯ ಗೋಡೆ ಎಲ್ಲರ ಕಣ್ಣಿಗೂ ಬೀಳುವಂಥದ್ದು. ಅಲ್ಲಿ ಯಾರ ಮುಖ ಇರಬೇಕು, ಯಾರ ಇತಿಹಾಸ ಇರಬೇಕು ಎಂಬುದನ್ನು ಯಾರೋ ತೀರ್ಮಾನಿಸಿರುತ್ತಾರೆ, ಮತ್ತು ಬಹುಕಾಲ ಆ ತೀರ್ಮಾನದಲ್ಲಿ ಕ್ವಿಯರ್ ಜನರಿಗೆ ಪಾಲಿರಲಿಲ್ಲ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಭಿತ್ತಿಚಿತ್ರ ಕಲಾವಿದೆ ಜೂಡಿ ಬಾಕಾ ಅವರ ನೇತೃತ್ವದಲ್ಲಿ 1976ರಿಂದ ರೂಪುಗೊಂಡ ‘ಗ್ರೇಟ್ ವಾಲ್ ಆಫ್ ಲಾಸ್ ಏಂಜಲೀಸ್’ ಇದಕ್ಕೆ ಒಳ್ಳೆಯ ನಿದರ್ಶನ. ಪ್ರವಾಹದ ನೀರು ಹರಿದುಹೋಗಲೆಂದು ಕಟ್ಟಿದ ಕಾಂಕ್ರೀಟ್ ಕಾಲುವೆಯ ಗೋಡೆಯ ಮೇಲೆ ಸುಮಾರು 840 ಮೀಟರ್ ಉದ್ದಕ್ಕೆ ಸಾಗುವ ಈ ಚಿತ್ರಮಾಲೆಯು ಕ್ಯಾಲಿಫೋರ್ನಿಯಾದ ಕಥೆಯನ್ನು ಪಠ್ಯಪುಸ್ತಕಗಳು ಬಿಟ್ಟುಬಿಟ್ಟವರ ಕಡೆಯಿಂದ ಹೇಳುತ್ತದೆ. ಮೂಲನಿವಾಸಿಗಳು, ವಲಸೆ ಬಂದ ಕೂಲಿಕಾರರು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಶಿಬಿರಗಳಿಗೆ ದೂಡಲ್ಪಟ್ಟ ಜಪಾನಿ ಮೂಲದ ಅಮೆರಿಕನ್ನರು ಆ ಗೋಡೆಯ ಮೇಲಿದ್ದಾರೆ. 1950ರ ದಶಕದ ಭಾಗಕ್ಕೆ ಬಂದಾಗ ಸಲಿಂಗಿಗಳ ಹಕ್ಕಿನ ಚಳವಳಿಯ ಆರಂಭವೂ ಅದೇ ಸಾಲಿನಲ್ಲಿ, ಉಳಿದವರ ಪಕ್ಕದಲ್ಲೇ ಬರುತ್ತದೆ. ಬಾಕಾ ಸ್ವತಃ ಲೆಸ್ಬಿಯನ್ ಎಂದು ಬಹಿರಂಗವಾಗಿ ಗುರುತಿಸಿಕೊಂಡವರು. ಆ ಅಧ್ಯಾಯ ಬಿಟ್ಟುಹೋಗದಂತೆ ನೋಡಿಕೊಳ್ಳಲು ಅದರ ಗೈರುಹಾಜರಿಯನ್ನು ಅನುಭವಿಸಿದ ಯಾರಾದರೂ ತೀರ್ಮಾನ ಮಾಡುವವರ ಮೇಜಿನ ಬಳಿ ಕುಳಿತಿರಬೇಕಾಗುತ್ತದೆ ಎಂದು ನಾನು ನಂಬುತ್ತೇನೆ. ಕಲಾವಿದರ ಗುರುತು ಮುಖ್ಯವಾಗುವುದು ಇಲ್ಲಿ. ಹಾಗೆಂದು, ತಾವಾಗಿ ಹೇಳಿಕೊಳ್ಳದವರಿಗೆ ಆ ಹೆಸರನ್ನು ನಾವು ಅಂಟಿಸಬಾರದು.

ಪ್ರಶ್ನೆ: ಗೋಡೆಗಳಿಗೆ ಬಣ್ಣ ಬಳಿದು ಅಂದಗೊಳಿಸುವ ಕೆಲಸ ಎಲ್ಲೆಡೆ ನಡೆಯುತ್ತಿದೆ. ಸಮುದಾಯದ ಭಿತ್ತಿಚಿತ್ರ ಎಂದು ಕರೆಯುವುದು ಅದಕ್ಕಿಂತ ಹೇಗೆ ಬೇರೆ? ಕಲಾವಿದರು ನಿಜವಾಗಿ ಏನು ಮಾಡುತ್ತಾರೆ?

ಉತ್ತರ: ಎರಡಕ್ಕೂ ಬಳಸುವ ಬಣ್ಣ ಒಂದೇ, ಕೆಲವೊಮ್ಮೆ ಬರೆಯುವ ಕೈಯೂ ಒಂದೇ. ವ್ಯತ್ಯಾಸ ಇರುವುದು ತೀರ್ಮಾನ ಯಾರದು ಎಂಬುದರಲ್ಲಿ. ಈ ಪ್ರಶ್ನೆ ನನಗೆ ಬಹಳ ಮುಖ್ಯವೆನಿಸುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಕೀತ್ ಹೇರಿಂಗ್ ಅವರ ಹೆಸರನ್ನು ನೀವು ಕೇಳಿರಬಹುದು. 1958ರಲ್ಲಿ ಹುಟ್ಟಿ, 1990ರಲ್ಲಿ ಏಡ್ಸ್‌ಗೆ ಸಂಬಂಧಿಸಿದ ಅನಾರೋಗ್ಯದಿಂದ ಕೇವಲ 31ನೆಯ ವಯಸ್ಸಿನಲ್ಲಿ ತೀರಿಕೊಂಡ ಈ ಗೇ ಕಲಾವಿದ, ಆಸ್ಪತ್ರೆ, ಶಾಲೆ, ಆಟದ ಮೈದಾನಗಳ ಗೋಡೆಗಳ ಮೇಲೆ ಅನೇಕ ದೇಶಗಳಲ್ಲಿ ಚಿತ್ರ ಬರೆದರು. 1989ರಲ್ಲಿ ಅವರು ಶಿಕಾಗೋದ ಸಾರ್ವಜನಿಕ ಶಾಲೆಗಳ ಸುಮಾರು 500 ವಿದ್ಯಾರ್ಥಿಗಳೊಂದಿಗೆ ಒಂದು ಬೃಹತ್ ಚಿತ್ರವನ್ನು ಮಾಡಿದರು. ಕಪ್ಪು ಗೆರೆಗಳನ್ನು ತಾವು ಎಳೆದುಕೊಟ್ಟರು, ಅವುಗಳ ನಡುವೆ ಬಣ್ಣ ತುಂಬಿದವರು ಮಕ್ಕಳು. ಇದು ಉದಾರವಾದ ಕೆಲಸ, ಮತ್ತು ಆ ಮಕ್ಕಳಿಗೆ ಅದು ಮರೆಯಲಾಗದ ಅನುಭವವಾಗಿರಬೇಕು. ಆದರೆ ಗೆರೆ ಎಲ್ಲಿ ಹಾಯಬೇಕು ಎಂಬುದು ಕಲಾವಿದರ ಕೈಯಲ್ಲೇ ಉಳಿಯಿತು.

ಬಾಕಾ ಅವರ ಕಾಲುವೆಯ ಗೋಡೆಯಲ್ಲಿ ಭಾಗವಹಿಸುವಿಕೆ ಇದಕ್ಕಿಂತ ಬಹಳ ಹಿಂದಿನ ಹಂತದಲ್ಲೇ ಶುರುವಾಯಿತು. ಮೊದಲ ಬೇಸಿಗೆಯಲ್ಲಿ ಕೆಲಸಕ್ಕೆ ಬಂದವರಲ್ಲಿ ಅನೇಕರು ಪೊಲೀಸು, ನ್ಯಾಯಾಲಯಗಳ ಕಣ್ಣಿಗೆ ಬಿದ್ದಿದ್ದ ಹದಿಹರೆಯದವರು. ಅವರ ಜೊತೆ ಕಲಾವಿದರಷ್ಟೇ ಅಲ್ಲ, ಇತಿಹಾಸಕಾರರೂ ಕುಳಿತರು. ಯಾವ ಘಟನೆ ಗೋಡೆಗೆ ಬರಬೇಕು ಎಂಬ ಚರ್ಚೆ ನಡೆದ ಮೇಲೆ ಕರಡು, ಕರಡಿನ ಮೇಲೆ ಮತ್ತೆ ಚರ್ಚೆ, ಆಮೇಲೆ ಬಣ್ಣ. ಒಂದು ದಶಕದೊಳಗೆ ಹಲವು ಬೇಸಿಗೆಗಳಲ್ಲಿ 400ಕ್ಕೂ ಹೆಚ್ಚು ಯುವಜನರು ಅಲ್ಲಿ ದುಡಿದರು. ಪರಸ್ಪರ ಮುಖ ನೋಡದ ಬೀದಿಗಳಿಂದ ಬಂದ ಹುಡುಗ ಹುಡುಗಿಯರು ಒಂದೇ ಮುಖದ ಎರಡು ಬದಿಗಳಿಗೆ ಬಣ್ಣ ಹಚ್ಚಬೇಕಾದಾಗ ನಡೆಯುವ ಮಾತುಕತೆಯೂ ಆ ಕೃತಿಯ ಭಾಗವೇ ಎಂದು ಬಾಕಾ ತಿಳಿದಿದ್ದರು. ಬಣ್ಣ ಒಣಗಿದ ಮೇಲೆ ಉಳಿಯುವುದನ್ನಷ್ಟೇ ಅವರು ಕೃತಿ ಎಂದು ಎಣಿಸಲಿಲ್ಲ.

ಹಾಗಾಗಿ ಕಲಾವಿದರು ನಿಜವಾಗಿ ಏನು ಮಾಡುತ್ತಾರೆ ಎಂದು ನೀವು ಕೇಳಿದರೆ, ಮೊದಲ ಹಲವು ವಾರ ಅವರು ಕೇಳಿಸಿಕೊಳ್ಳುತ್ತಾರೆ. ಅನುಭವವಿರುವ ಕಲಾವಿದರು ನಿಮಗೆ ಯಾವ ಚಿತ್ರ ಬೇಕು ಎಂದು ಮೊದಲ ಸಭೆಯಲ್ಲಿ ಕೇಳುವುದಿಲ್ಲ, ಏಕೆಂದರೆ ಹಾಗೆ ಕೇಳಿದರೆ ಪಾರಿವಾಳ, ಕಾಮನಬಿಲ್ಲು, ಕೈಕುಲುಕುವ ಕೈಗಳು ಮಾತ್ರ ಬರುತ್ತವೆ. ಬದಲಿಗೆ, ಈ ಬೀದಿಯಲ್ಲಿ ನೀವು ಯಾವ ದಾರಿಯಲ್ಲಿ ನಡೆಯುತ್ತೀರಿ, ಯಾವ ದಾರಿಯನ್ನು ತಪ್ಪಿಸುತ್ತೀರಿ, ಎಲ್ಲಿ ನಿಮ್ಮ ನಡಿಗೆ ನಿಧಾನವಾಗುತ್ತದೆ ಎಂದು ಕೇಳುತ್ತಾರೆ. ಕ್ವಿಯರ್ ಜನರು ಈ ಪ್ರಶ್ನೆಗೆ ಕೊಡುವ ಉತ್ತರಗಳಲ್ಲಿ ಒಂದು ಊರಿನ ಇನ್ನೊಂದು ನಕ್ಷೆಯೇ ಇರುತ್ತದೆ. ಅದರಿಂದ ಚಿತ್ರ ಹುಟ್ಟುತ್ತದೆ. ಕರಡು ಸಿದ್ಧವಾದ ಮೇಲೆ ಅದನ್ನು ಮತ್ತೆ ಅದೇ ಜನರ ಮುಂದಿಟ್ಟು, ಬೇಡ ಎನ್ನುವ ಹಕ್ಕು ಅವರಿಗಿದೆ ಎಂದು ಸ್ಪಷ್ಟವಾಗಿ ಹೇಳಬೇಕು; ಬೇಡ ಎಂದರೆ ನಿಜವಾಗಿಯೂ ಬದಲಿಸಬೇಕು. ಸಮುದಾಯದೊಳಗೂ ಜಗಳಗಳಿರುತ್ತವೆ. ಕಿರಿಯರಿಗೆ ಅತ್ಯಗತ್ಯವೆನಿಸಿದ ಸಂಕೇತ ಹಿರಿಯರಿಗೆ ಪರಕೀಯವೆನಿಸಬಹುದು, ಮದುವೆಯ ಚಿತ್ರ ಕೆಲವರಿಗೆ ಆಸೆಯಾದರೆ ಕೆಲವರಿಗೆ ಗಾಯವಾಗಿರಬಹುದು. ಆ ಭಿನ್ನಾಭಿಪ್ರಾಯವನ್ನು ಬಣ್ಣದಡಿಯಲ್ಲಿ ಮುಚ್ಚುವ ಬದಲು ಅದಕ್ಕೆ ಸಂಯೋಜನೆಯಲ್ಲೇ ಜಾಗ ಹುಡುಕುವುದು ಕಲಾವಿದರ ನಿಜವಾದ ಕುಶಲತೆ. ಎಲ್ಲರ ಮಾತನ್ನೂ ಕೇಳಿದರೆ ಕಲೆ ಕೆಡುತ್ತದೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಪ್ರಮಾಣ, ಬಣ್ಣಗಳ ಹೊಂದಾಣಿಕೆ, ದೂರದಿಂದ ಮತ್ತು ಹತ್ತಿರದಿಂದ ಚಿತ್ರ ಕಾಣುವ ಬಗೆ, ಇವೆಲ್ಲವೂ ಆಗಲೂ ಕಲಾವಿದರ ಹೊಣೆಯಾಗಿಯೇ ಉಳಿಯುತ್ತವೆ ಮತ್ತು ಇನ್ನಷ್ಟು ಕಠಿಣವಾಗುತ್ತವೆ.

ಪ್ರಶ್ನೆ: ನಾನು ಚಿತ್ರ ಬರೆಯುವ ಟ್ರಾನ್ಸ್ (ಹುಟ್ಟಿನಲ್ಲಿ ಗುರುತಿಸಿದ ಲಿಂಗಕ್ಕಿಂತ ಬೇರೆಯಾದ ಲಿಂಗತ್ವದ) ಯುವಕ. ನಮ್ಮದೊಂದು ಚಿಕ್ಕ ಬೆಂಬಲ ಗುಂಪಿದೆ. ಎಲ್ಲರೂ ಸೇರಿ ಒಂದು ಗೋಡೆಗೆ ಚಿತ್ರ ಬರೆಯಬೇಕೆಂಬ ಆಸೆ. ಆದರೆ ಗುಂಪಿನ ಅರ್ಧಕ್ಕಿಂತ ಹೆಚ್ಚು ಜನ ಮನೆಯಲ್ಲಿ ಏನನ್ನೂ ಹೇಳಿಲ್ಲ. ಬೀದಿಯಲ್ಲಿ ನಿಂತು ಬಣ್ಣ ಹಚ್ಚುವಾಗ ಯಾರಾದರೂ ಫೋಟೋ ತೆಗೆದರೆ ಎಂಬ ಭಯ. ಹೇಗೆ ಮುಂದುವರಿಯಲಿ?

ಉತ್ತರ: ನಿಮ್ಮ ಗುಂಪಿನವರ ಭಯ ನ್ಯಾಯವಾದದ್ದು. ಧೈರ್ಯ ಮಾಡಿ ಎಂದು ಅವರನ್ನು ದಯವಿಟ್ಟು ಒತ್ತಾಯಿಸಬೇಡಿ. ಭಯವನ್ನು ಲೆಕ್ಕಕ್ಕೆ ತೆಗೆದುಕೊಂಡೇ ಕೆಲಸವನ್ನು ರೂಪಿಸಲು ಸಾಧ್ಯವಿದೆ.

ಮೊದಲನೆಯದಾಗಿ, ಭಿತ್ತಿಚಿತ್ರವನ್ನು ಗೋಡೆಯ ಮುಂದೆ ನಿಂತೇ ಬರೆಯಬೇಕೆಂದಿಲ್ಲ. ಪ್ಯಾರಾಶೂಟ್ ಬಟ್ಟೆ ಎಂದು ಭಿತ್ತಿಚಿತ್ರಕಾರರು ಕರೆಯುವ, ನೇಯದೆ ಒತ್ತಿ ಮಾಡಿದ ತೆಳುವಾದ ಪಾಲಿಯೆಸ್ಟರ್ ಬಟ್ಟೆಯೊಂದಿದೆ. ಚಿತ್ರವನ್ನು ಅದರ ತುಂಡುಗಳ ಮೇಲೆ ಒಳಾಂಗಣದಲ್ಲಿ, ಬಾಗಿಲು ಹಾಕಿಕೊಂಡು, ಮೇಜಿನ ಮೇಲೋ ನೆಲದ ಮೇಲೋ ಅಕ್ರಿಲಿಕ್ ಬಣ್ಣದಿಂದ ಬರೆಯಬಹುದು. ಮುಗಿದ ಮೇಲೆ ತುಂಡುಗಳನ್ನು ಸುರುಳಿ ಸುತ್ತಿ ಕೊಂಡೊಯ್ದು, ದಪ್ಪನೆಯ ಅಕ್ರಿಲಿಕ್ ಜೆಲ್‌ನಿಂದ ಗೋಡೆಗೆ ಅಂಟಿಸಿ, ಅಂಚುಗಳ ಮೇಲೆ ಮತ್ತೆ ಬಣ್ಣ ತೀಡಿದರೆ ಅದು ಗೋಡೆಯ ಮೇಲೆಯೇ ಬರೆದಂತೆ ಕಾಣುತ್ತದೆ. ಕಾಣಿಸಿಕೊಳ್ಳಲು ಇಷ್ಟವಿಲ್ಲದವರು ಒಳಗೆ ಕುಳಿತು ಬರೆಯಲಿ. ಅಂಟಿಸುವ ದಿನ ಹೊರಗೆ ಬರಲು ತೊಂದರೆಯಿಲ್ಲದವರು ಮಾತ್ರ ಹೋಗಲಿ. ಸಾರುವೆ ಹತ್ತಲಾಗದ ಹಿರಿಯರಿಗೂ ಗಾಲಿಕುರ್ಚಿ ಬಳಸುವವರಿಗೂ ಇದೇ ವಿಧಾನ ಅನುಕೂಲ.

ಎರಡನೆಯದಾಗಿ, ಒಪ್ಪಿಗೆಯನ್ನು ಒಂದೇ ಬಾರಿಗೆ ಒಟ್ಟಾಗಿ ಕೇಳಬೇಡಿ. ತನ್ನ ಕಥೆಯನ್ನು ಚಿತ್ರಕ್ಕೆ ಬಳಸಲು ಒಪ್ಪಿದವರು ಮುಖ ತೋರಿಸಲು ಒಪ್ಪಿದ್ದಾರೆಂದಲ್ಲ, ಮುಖಕ್ಕೆ ಒಪ್ಪಿದವರು ಹೆಸರಿಗೆ ಒಪ್ಪಿದ್ದಾರೆಂದಲ್ಲ. ಪ್ರತಿಯೊಂದನ್ನೂ ಬೇರೆಬೇರೆಯಾಗಿ ಕೇಳಿ, ಬಣ್ಣ ಹಚ್ಚುವ ಹಿಂದಿನ ದಿನದವರೆಗೂ ಮನಸ್ಸು ಬದಲಿಸುವ ಅವಕಾಶವಿದೆಯೆಂದು ತಿಳಿಸಿ. ಮುಖಗಳಿಲ್ಲದೆಯೂ ಗಾಢವಾದ ಚಿತ್ರ ಸಾಧ್ಯ: ಕೈಗಳು, ಬೆನ್ನುಗಳು, ಒಬ್ಬರು ಮೊದಲ ಬಾರಿಗೆ ತಮಗಾಗಿ ಕೊಂಡ ಅಂಗಿ, ಇನ್ನೊಬ್ಬರು ಮನೆ ಬಿಟ್ಟು ಬರುವಾಗ ಚೀಲದಲ್ಲಿಟ್ಟುಕೊಂಡ ವಸ್ತು. ಆದರೆ ಕಥೆಯ ವಿವರವೇ ವ್ಯಕ್ತಿಯನ್ನು ಬಯಲು ಮಾಡಬಲ್ಲದು ಎಂಬುದನ್ನು ಮರೆಯಬೇಡಿ. ಮನೆಯವರಿಗೆ ಗುರುತು ಸಿಗುವಂಥ ಹಚ್ಚೆ, ಒಡವೆ, ಸೀರೆಯ ಅಂಚು ಇವುಗಳ ಬಗ್ಗೆ ಎಚ್ಚರವಿರಲಿ. ಕೆಲಸದ ಕೋಣೆಯಲ್ಲಿ ಫೋನುಗಳನ್ನು ಒಂದು ಕಡೆ ಇಡುವ ನಿಯಮವಿರಲಿ, ದಾಖಲೆಗಾಗಿ ಫೋಟೋ ತೆಗೆಯುವ ಹೊಣೆ ಎಲ್ಲರೂ ನಂಬುವ ಒಬ್ಬರಿಗಿರಲಿ, ಮತ್ತು ಗುಂಪು ನೋಡುವ ತನಕ ಆ ಫೋಟೋಗಳು ಹೊರಗೆ ಹೋಗದಿರಲಿ. ಪತ್ರಕರ್ತರು ಬಂದರೆ ಯಾರು ಮಾತಾಡಬೇಕೆಂದು ಮೊದಲೇ ಗೊತ್ತುಮಾಡಿ.

ಮೂರನೆಯದು, ಗೋಡೆಯ ಆಯ್ಕೆ. ಮುಖ್ಯರಸ್ತೆಯ ದೊಡ್ಡ ಗೋಡೆಯೇ ಬೇಕೆಂಬ ಹಟ ಬೇಡ. ಕೀತ್ ಹೇರಿಂಗ್ ತಮ್ಮ ಜೀವನದ ಅತ್ಯಂತ ಮುಚ್ಚುಮರೆಯಿಲ್ಲದ ಭಿತ್ತಿಚಿತ್ರಗಳಲ್ಲಿ ಒಂದನ್ನು 1989ರಲ್ಲಿ ಬರೆದದ್ದು ನ್ಯೂಯಾರ್ಕಿನ ಲೈಂಗಿಕ ಅಲ್ಪಸಂಖ್ಯಾತರ ಸಮುದಾಯ ಕೇಂದ್ರದ ಎರಡನೆಯ ಮಹಡಿಯ ಶೌಚಾಲಯದಲ್ಲಿ. ಪೊಲೀಸ್ ದಾಳಿಯ ವಿರುದ್ಧ ನ್ಯೂಯಾರ್ಕಿನ ಕ್ವಿಯರ್ ಜನ 1969ರಲ್ಲಿ ನಡೆಸಿದ ಸ್ಟೋನ್‌ವಾಲ್ ಪ್ರತಿರೋಧದ 20ನೆಯ ವರ್ಷದ ನೆನಪಿಗಾಗಿ ನಡೆದ ಕಾರ್ಯಕ್ರಮದ ಭಾಗವದು. ಏಡ್ಸ್ ಬಂದು ಸ್ನೇಹಿತರು ಒಬ್ಬೊಬ್ಬರಾಗಿ ಹೋಗುತ್ತಿದ್ದ ಕಾಲದಲ್ಲಿ, ಭಯವಿಲ್ಲದೆ ಪ್ರೀತಿಸಲು ಸಾಧ್ಯವಿದ್ದ ದಿನಗಳನ್ನು ನೆನೆದು ಬರೆದ ಚಿತ್ರವದು. ಅದು ನಾಲ್ಕು ಗೋಡೆಗಳೊಳಗೆ, ತಮ್ಮವರಿಗಾಗಿ ಇತ್ತು, ಇಂದಿಗೂ ಉಳಿದಿದೆ. ನಿಮ್ಮ ಗುಂಪು ಸೇರುವ ಕೋಣೆಯ ಒಳಗೋಡೆಯಿಂದಲೇ ಆರಂಭಿಸಬಹುದು.

ಗೋಡೆಯೇ ಸಿಗದಿದ್ದರೆ? 1987ರಲ್ಲಿ ಅಮೆರಿಕದಲ್ಲಿ ಏಡ್ಸ್‌ನಿಂದ ತೀರಿಕೊಂಡವರ ಹೆಸರುಗಳನ್ನು ಹೊಲಿದ ದೊಡ್ಡ ಕೌದಿಯನ್ನು ರಾಜಧಾನಿಯ ಬಯಲಿನಲ್ಲಿ ಹಾಸಿದರು. ಮೊದಲ ಪ್ರದರ್ಶನದಲ್ಲಿ 1,920 ತುಂಡುಗಳಿದ್ದವು, ಪ್ರತಿಯೊಂದೂ 3 ಅಡಿ ಅಗಲ, 6 ಅಡಿ ಉದ್ದ, ಸುಮಾರು ಒಂದು ಸಮಾಧಿಯ ಅಳತೆ. ಅದನ್ನು ಮಾಡಿದವರಲ್ಲಿ ಬಹುಪಾಲು ಜನ ಕಲಾವಿದರಲ್ಲ. ಮಡಚಿ ಒಯ್ಯಬಹುದಾದ ಬಟ್ಟೆಯನ್ನು ಮಾಡಲು ಗೋಡೆಯ ಮಾಲೀಕರ ಅನುಮತಿ ಬೇಕಾಗುವುದಿಲ್ಲ.

ಇದಕ್ಕೆ ಇನ್ನೊಂದು ದಾರಿಯೂ ಇದೆ, ಅದನ್ನೂ ಹೇಳಬೇಕು. 2016ರಲ್ಲಿ ಪೂರ್ಣಿಮಾ ಸುಕುಮಾರ್ ಅವರು ಆರಂಭಿಸಿದ ಅರಾವನಿ ಆರ್ಟ್ ಪ್ರಾಜೆಕ್ಟ್‌ನಲ್ಲಿ ಟ್ರಾನ್ಸ್ ಮಹಿಳೆಯರು ಇತರ ಮಹಿಳೆಯರೊಂದಿಗೆ ಸೇರಿ ಬಯಲಿನಲ್ಲೇ, ಜನನಿಬಿಡ ಬೀದಿಗಳಲ್ಲೇ ಗೋಡೆಗಳಿಗೆ ಚಿತ್ರ ಬರೆಯುತ್ತಾರೆ. ಅಲ್ಲಿ ಕಾಣಿಸಿಕೊಳ್ಳುವುದೇ ಕೆಲಸದ ತಿರುಳು: ಯಾವ ಬೀದಿಯಲ್ಲಿ ತಮ್ಮನ್ನು ಜನ ದೂರವಿಟ್ಟರೋ ಅದೇ ಬೀದಿಯಲ್ಲಿ ಹಗಲಿಡೀ ಕೈಯಲ್ಲಿ ಕುಂಚ ಹಿಡಿದು ನಿಂತಾಗ ದಾರಿಹೋಕರು ನಿಲ್ಲುತ್ತಾರೆ, ಕೇಳುತ್ತಾರೆ, ಮಾತಾಗುತ್ತದೆ. 2024ರಲ್ಲಿ ಇಟಲಿಯ ವೆನಿಸ್ ಬಿನಾಲೆ ಎಂಬ ಅಂತರರಾಷ್ಟ್ರೀಯ ಕಲಾಪ್ರದರ್ಶನದಲ್ಲಿ ಈ ತಂಡದ ಭಿತ್ತಿಚಿತ್ರ ಇತ್ತು ಎಂಬುದು ದೊಡ್ಡ ಗೌರವವೇ ಸರಿ, ಆದರೆ ಬೀದಿಬದಿಯ ಆ ಮಾತುಗಳು ನನಗೆ ಅದಕ್ಕಿಂತ ಹೆಚ್ಚಿನವೆನಿಸುತ್ತವೆ. ನಿಮ್ಮ ಗುಂಪಿನಲ್ಲಿ ಯಾರು ಯಾವ ದಾರಿಯನ್ನು ಆರಿಸಿಕೊಂಡರೂ ಅದು ಅವರವರ ಆಯ್ಕೆಯಾಗಿರಲಿ. ಹೊರಗೆ ನಿಂತು ಬರೆದವರು ಒಳಗೆ ಕುಳಿತು ಬರೆದವರಿಗಿಂತ ದೊಡ್ಡವರೆಂಬ ಭಾವನೆ ಮಾತ್ರ ಗುಂಪಿನೊಳಗೆ ಬೆಳೆಯದಂತೆ ನೋಡಿಕೊಳ್ಳಿ.

ಪ್ರಶ್ನೆ: ನಮ್ಮಲ್ಲಿ ಯಾರೂ ಕುಂಚ ಹಿಡಿದವರಲ್ಲ. ಕಾಗದದ ಮೇಲಿನ ಚಿಕ್ಕ ಚಿತ್ರವನ್ನು ದೊಡ್ಡ ಗೋಡೆಗೆ ಹೇಗೆ ತರುವುದು, ಮತ್ತು ಅದು ಎಷ್ಟು ಕಾಲ ಉಳಿದೀತು?

ಉತ್ತರ: ಚಿತ್ರ ಎಷ್ಟು ಕಾಲ ಉಳಿಯುತ್ತದೆ ಎಂಬುದು ಗೋಡೆಯ ತೇವದ ಮೇಲೆ ನಿಂತಿದೆ. ಗಾರೆಯ ಮೇಲೆ ಬಿಳಿಯ ಉಪ್ಪು ಉಕ್ಕುತ್ತಿದ್ದರೆ ಒಳಗೆಲ್ಲೋ ನೀರು ಓಡಾಡುತ್ತಿದೆ ಎಂದರ್ಥ. ಸೋರುವ ಕೊಳವೆಯನ್ನೋ ಬಿರುಕನ್ನೋ ಸರಿಪಡಿಸದೆ ಬಣ್ಣ ಹಚ್ಚಿದರೆ ಮೊದಲ ಮಳೆಗಾಲದಲ್ಲೇ ಪದರ ಎದ್ದುಬರುತ್ತದೆ. ಹೊಸ ಸಿಮೆಂಟು ಗಾರೆ ಕನಿಷ್ಠ 4 ವಾರ ಹದವಾಗಬೇಕು. ಅದರ ಕ್ಷಾರ ಬಣ್ಣವನ್ನು ಸುಟ್ಟುಬಿಡುತ್ತದೆ. ಹಳೆಯ ಗೋಡೆಯಾದರೆ ಸಡಿಲವಾದುದನ್ನೆಲ್ಲ ಕೆರೆದು, ತೊಳೆದು, ಚೆನ್ನಾಗಿ ಒಣಗಿಸಿ, ಹೊರಗೋಡೆಗೆಂದೇ ಇರುವ ಪ್ರೈಮರ್ ಹಚ್ಚಿ, ಅದರ ಮೇಲೆ ಉತ್ತಮ ದರ್ಜೆಯ ಅಕ್ರಿಲಿಕ್ ಎಮಲ್ಷನ್ ಬಳಸಿ. ಬಣ್ಣಗಳಲ್ಲಿ ಕಾವಿಮಣ್ಣಿನ ಕೆಂಪು, ಹಳದಿ ಮಣ್ಣು ಮೊದಲಾದ ಖನಿಜ ವರ್ಣಗಳು ಬಿಸಿಲಿಗೆ ಬಹುಕಾಲ ನಿಲ್ಲುತ್ತವೆ. ಹೊಳೆಯುವ ಪ್ರತಿದೀಪ್ತ (ಫ್ಲೂರೊಸೆಂಟ್) ಗುಲಾಬಿ, ಕಿತ್ತಳೆಗಳು ಬೇಗ ಬಿಳಿಚಿಕೊಳ್ಳುತ್ತವೆ. 1978ರಲ್ಲಿ ಗಿಲ್ಬರ್ಟ್ ಬೇಕರ್ ರೂಪಿಸಿದ ಕಾಮನಬಿಲ್ಲಿನ ಬಾವುಟದಲ್ಲಿ ಮೊದಲು 8 ಪಟ್ಟಿಗಳಿದ್ದು, ಅವುಗಳಲ್ಲಿ ಗಾಢ ಗುಲಾಬಿಯ ಪಟ್ಟಿಯನ್ನು ಆ ಬಣ್ಣದ ಬಟ್ಟೆ ಸಾಕಷ್ಟು ಸಿಗದ ಕಾರಣಕ್ಕೆ ಕೈಬಿಡಬೇಕಾಯಿತು. ಗೋಡೆಯ ಮೇಲೂ ಮೊದಲು ಮಾಯವಾಗುವುದು ಆ ಬಣ್ಣವೇ ಆದ್ದರಿಂದ, ಅದನ್ನು ಬಳಸುವಿರಾದರೆ ಆಗಾಗ ಮತ್ತೆ ಹಚ್ಚಲು ಸುಲಭವಾಗಿ ಕೈಗೆಟುಕುವ ಎತ್ತರದಲ್ಲಿಡಿ.

ಚಿತ್ರವನ್ನು ದೊಡ್ಡದು ಮಾಡುವುದಕ್ಕೆ ಚೌಕಳಿ ವಿಧಾನವೇ ಸಾಕು. ಕಾಗದದ ಮೇಲೊಂದು, ಗೋಡೆಯ ಮೇಲೊಂದು ಸಮಪ್ರಮಾಣದ ಚೌಕಗಳ ಜಾಲ ಹಾಕಿ, ಒಂದೊಂದೇ ಚೌಕವನ್ನು ನೋಡಿ ಬರೆಯುತ್ತ ಹೋಗುವುದು. ಗೋಡೆಯ ತುಂಬ ಮನಸ್ಸಿಗೆ ಬಂದ ಗುರುತುಗಳನ್ನೂ ಅಕ್ಷರಗಳನ್ನೂ ಗೀಚಿ, ಅದರ ಫೋಟೋದ ಮೇಲೆ ಚಿತ್ರವನ್ನು ಫೋನಿನಲ್ಲೇ ಕೂರಿಸಿ, ಯಾವ ಗೆರೆ ಯಾವ ಗುರುತಿನ ಬಳಿ ಹಾಯುತ್ತದೆಂದು ನೋಡಿಕೊಂಡು ಬರೆಯುವ ವಿಧಾನವೂ ಈಗ ಬಳಕೆಯಲ್ಲಿದೆ. ನನಗೆ ಈ ಎರಡನೆಯದು ಹೆಚ್ಚು ಇಷ್ಟ, ಏಕೆಂದರೆ ಬಿಳಿಯ ಗೋಡೆಯ ಮುಂದೆ ಕೈ ನಡುಗುವವರು ಆ ಮೊದಲ ಗೀಚುಗಳಲ್ಲೇ ಹೆದರಿಕೆ ಕಳೆದುಕೊಳ್ಳುತ್ತಾರೆ. ಕತ್ತಲಾದ ಮೇಲೆ ಪ್ರೊಜೆಕ್ಟರ್ ಹಚ್ಚಿ ಗೆರೆ ತೀಡುವುದು ಇನ್ನೂ ಸುಲಭ. ಗೆರೆ ಬಿದ್ದ ಮೇಲೆ ಪ್ರತಿ ಭಾಗಕ್ಕೂ ಬಣ್ಣದ ಸಂಖ್ಯೆ ಬರೆದಿಟ್ಟರೆ ಯಾರು ಬೇಕಾದರೂ ತುಂಬಬಹುದು.

ಪ್ರಶ್ನೆ: ನನ್ನ ಮಗು ತನ್ನ ಗೆಳೆಯರೊಂದಿಗೆ ಗೋಡೆಯ ಮೇಲೆ ಚಿತ್ರ ಬರೆಯುತ್ತಿದೆ ಎಂದು ತಿಳಿಯಿತು. ನಾವು ಇಟ್ಟ ಹೆಸರನ್ನು ಈಗ ಅದು ಬಳಸುತ್ತಿಲ್ಲ. ನೋಡಲು ಹೋಗಬೇಕೆನಿಸುತ್ತದೆ, ಹೋದರೆ ಸಂಕೋಚವಾದೀತೇನೋ ಎಂಬ ಅಳುಕೂ ಇದೆ. ತಾಯಿಯಾಗಿ ನಾನೇನು ಮಾಡಲಿ?

ಉತ್ತರ: ಅಮ್ಮ, ಹೋಗಿ. ಆದರೆ ಹೇಳಿ ಹೋಗಿ, ಅನಿರೀಕ್ಷಿತವಾಗಿ ಹೋಗಿ ನಿಲ್ಲಬೇಡಿ. ಗೆಳೆಯರ ಮುಂದೆ ಯಾವ ಹೆಸರಿನಿಂದ ಕರೆಯಬೇಕೆಂದು ಮೊದಲೇ ಕೇಳಿ, ನಾಲಿಗೆಗೆ ರೂಢಿಯಾಗುವಂತೆ ಮನೆಯಲ್ಲಿ ಒಂದೆರಡು ಬಾರಿ ಹೇಳಿಕೊಳ್ಳಿ. ಅಲ್ಲಿರುವ ಇತರರ ಮನೆಯವರಿಗೆ ವಿಷಯ ಗೊತ್ತಿಲ್ಲದಿರಬಹುದು, ಆದ್ದರಿಂದ ಫೋಟೋ ತೆಗೆಯಬೇಡಿ, ಯಾರ ಮನೆ ಎಲ್ಲಿ ಎಂದು ವಿಚಾರಿಸಬೇಡಿ. ಚಿತ್ರದ ಬಗ್ಗೆ ಎಷ್ಟು ಬೇಕಾದರೂ ಕೇಳಿ. ನಿಮ್ಮ ಪತ್ರದಲ್ಲಿ ಒಮ್ಮೆಯೂ ದೂರು ಇಲ್ಲ ಎಂಬುದನ್ನು ನಾನು ಗಮನಿಸಿದೆ. ನಿಮ್ಮ ಮಗುವಿಗೂ ಅದು ತಿಳಿಯಬೇಕು.

ಪ್ರಶ್ನೆ: ನಾವು ಬರೆದ ಚಿತ್ರದ ಮೇಲೆ ಯಾರೋ ಕಪ್ಪು ಬಣ್ಣ ಎರಚಿದ್ದಾರೆ. ತಕ್ಷಣ ಸರಿಪಡಿಸಬೇಕೆಂದು ಕೆಲವರು, ಆ ಕಪ್ಪು ಕಲೆ ಹಾಗೆಯೇ ಇರಲಿ, ಜನ ನೋಡಲಿ ಎಂದು ಕೆಲವರು. ಯಾವುದು ಸರಿ?

ಉತ್ತರ: ನಿಮಗಾದ ನೋವಿಗೆ ಮೊದಲು ನನ್ನ ವಿಷಾದ. 2015ರ ಜೂನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಬಡಾವಣೆಯಲ್ಲಿ, ಗ್ಯಾಲರಿಯಾ ಡಿ ಲಾ ರಾಸಾ ಎಂಬ ಕಲಾಕೇಂದ್ರದ ಹೊರಗೋಡೆಯ ಮೇಲೆ ಮಾನ್ಯುಯೆಲ್ ಪಾಲ್ ಎಂಬ ಕಲಾವಿದ ರೂಪಿಸಿದ ‘ಪೋರ್ ವೀದಾ’ ಎಂಬ ಚಿತ್ರವಿತ್ತು. ಮೆಕ್ಸಿಕೋ ಮೂಲದ ಸಮುದಾಯದ ಸಲಿಂಗಿ ಜೋಡಿಗಳನ್ನೂ ಒಬ್ಬ ಟ್ರಾನ್ಸ್ ಪುರುಷನನ್ನೂ ತೋರಿಸುತ್ತಿದ್ದ ಆ ಚಿತ್ರವನ್ನು ಮತ್ತೆ ಮತ್ತೆ ಕೆಡಿಸಿದರು, ಕೊನೆಗೆ ಬೆಂಕಿಯನ್ನೂ ಹಚ್ಚಿದರು. ಕೇಂದ್ರದವರು ಅದನ್ನು ಮತ್ತೆ ಅದೇ ಗೋಡೆಯ ಮೇಲೆ ಹಾಕಿದರು. ಅದು ಡಿಜಿಟಲ್ ಮುದ್ರಣವಾಗಿದ್ದರಿಂದ ಮತ್ತೊಂದು ಪ್ರತಿ ತೆಗೆಯುವುದು ಸಾಧ್ಯವಿತ್ತು ಎಂಬುದನ್ನು ಗಮನಿಸಿ: ಕೈಯಿಂದ ಬರೆದ ಚಿತ್ರವಾದರೂ ಅದರ ಉತ್ತಮ ಗುಣಮಟ್ಟದ ಫೋಟೋ, ಬಣ್ಣಗಳ ಸಂಖ್ಯೆ, ಮೂಲ ಕರಡು, ಇಷ್ಟನ್ನು ಜೋಪಾನವಾಗಿಟ್ಟರೆ ದುರಸ್ತಿ ಅರ್ಧ ಮುಗಿದಂತೆ.

ಉಳಿಸುವುದೋ ಅಳಿಸುವುದೋ ಎಂಬುದಕ್ಕೆ ನಾನು ಹೊರಗಿನಿಂದ ಉತ್ತರ ಹೇಳಲಾರೆ, ಹೇಳಬಾರದು ಕೂಡ. ಆ ಗೋಡೆಯ ಮುಂದೆ ದಿನವೂ ಹಾದುಹೋಗುವವರು ನಿಮ್ಮ ಗುಂಪಿನವರು. ಎರಚಿದ ಕಪ್ಪನ್ನು ಪ್ರತಿದಿನ ನೋಡುವುದು ಕೆಲವರಿಗೆ ಹೊಡೆತದ ಮೇಲೆ ಹೊಡೆತ. ಅಂಥವರು ಒಬ್ಬರಿದ್ದರೂ ನಾನು ಅವರ ಮಾತಿಗೆ ಹೆಚ್ಚು ತೂಕ ಕೊಡುತ್ತೇನೆ. ಫೋಟೋ ತೆಗೆದು ದಿನಾಂಕದೊಂದಿಗೆ ಇಟ್ಟುಕೊಳ್ಳಿ, ಗೋಡೆಯ ಮಾಲೀಕರಿಗೆ ತಿಳಿಸಿ, ದೂರು ಕೊಡುವುದು ನಿಮ್ಮವರಿಗೆ ಅಪಾಯ ತರುವುದಿಲ್ಲವೆಂದು ಖಚಿತವಾದರೆ ದೂರು ಕೊಡಿ. ದುರಸ್ತಿಗೆ ಒಬ್ಬೊಬ್ಬರೇ ಹೋಗದೆ ಹಗಲು ಹೊತ್ತಿನಲ್ಲಿ ಹಲವರು ಸೇರಿ ಹೋಗಿ, ಸಾಧ್ಯವಾದರೆ ಅಕ್ಕಪಕ್ಕದವರನ್ನೂ ಕರೆಯಿರಿ. ಮುಂದಿನ ಬಾರಿ ಚಿತ್ರದ ಮೇಲೆ ಮೇಣದಂಥ ರಕ್ಷಣಾ ಲೇಪ ಹಚ್ಚಿದರೆ, ಬಿದ್ದ ಬಣ್ಣವನ್ನು ಲೇಪದ ಸಮೇತ ಬಿಸಿನೀರಿನಿಂದ ತೊಳೆದು ಹೊಸದಾಗಿ ಲೇಪ ಹಾಕಬಹುದು. ತೇವದ ಗೋಡೆಗೆ ಮಾತ್ರ ಯಾವ ಲೇಪವೂ ಬೇಡ, ಒಳಗಿನ ನೀರು ಹೊರಬರಲಾಗದೆ ಬಣ್ಣವನ್ನೇ ಎಬ್ಬಿಸುತ್ತದೆ.

ಪ್ರಶ್ನೆ: ಜೂನ್ ತಿಂಗಳು ಬಂದರೆ ಕಂಪನಿಗಳು ಪ್ರೈಡ್ (ಕ್ವಿಯರ್ ಸಮುದಾಯದ ಹೆಮ್ಮೆಯ ಆಚರಣೆ) ಹೆಸರಿನಲ್ಲಿ ಗೋಡೆಚಿತ್ರ ಮಾಡಿಸಲು ಮುಂದೆ ಬರುತ್ತವೆ. ಆ ಹಣ ತೆಗೆದುಕೊಳ್ಳಬಹುದೇ? ಭಾಗವಹಿಸುವವರಿಗೆ ಕೂಲಿ ಕೊಡಬೇಕೇ, ಅಥವಾ ಇದು ಸೇವೆಯೇ?

ಉತ್ತರ: ಕೂಲಿ ಕೊಡಲೇಬೇಕು. ಕಲಾವಿದರಿಗೆ ಗೌರವಧನ, ಉಳಿದವರಿಗೆ ಊಟ ಎಂಬ ಏರ್ಪಾಡು ನ್ಯಾಯವಲ್ಲ. ಒಂದು ದಿನದ ಸಂಪಾದನೆ ಬಿಟ್ಟು ಬರುವ ಟ್ರಾನ್ಸ್ ಮಹಿಳೆಯ ಸಮಯಕ್ಕೂ ಕಲಾವಿದರ ಸಮಯಕ್ಕೂ ಬೆಲೆಯಿದೆ, ಮತ್ತು ಸಭೆಗಳಲ್ಲಿ ಕುಳಿತು ಕಥೆ ಹೇಳುವುದೂ ಕೆಲಸವೇ.

ಕಂಪನಿಯ ಹಣ ತೆಗೆದುಕೊಳ್ಳಬಾರದೆಂದು ನಾನು ಹೇಳುವುದಿಲ್ಲ. ಹಣವಿಲ್ಲದವರಿಗೆ ಶುದ್ಧತೆಯ ಉಪದೇಶ ಮಾಡುವುದು ನನಗೆ ಸರಿಕಾಣದು. ಆದರೆ ಮೂರ್ನಾಲ್ಕು ಸಂಗತಿಗಳು ಬರಹದಲ್ಲಿರಲಿ. ವಿನ್ಯಾಸದ ಅಂತಿಮ ತೀರ್ಮಾನ ಸಮುದಾಯದ್ದು, ಕಂಪನಿಯದಲ್ಲ. ಕಂಪನಿಯ ಗುರುತುಚಿಹ್ನೆ ಚಿತ್ರದೊಳಗೆ ಬರುವಂತಿಲ್ಲ. ಭಾಗವಹಿಸಿದವರ ಫೋಟೋಗಳನ್ನು ಜಾಹೀರಾತಿಗೆ ಬಳಸುವಂತಿಲ್ಲ. ಕೆಲಸಕ್ಕೆ ಬೇಕಾದಷ್ಟು ತಿಂಗಳುಗಳ ಕಾಲಾವಕಾಶವಿರಬೇಕು. ಮೇ ಕೊನೆಯಲ್ಲಿ ಕರೆದು ಜೂನ್ ಮೊದಲ ವಾರದಲ್ಲಿ ಮುಗಿಸಿ ಎನ್ನುವವರಿಗೆ ಬೇಕಿರುವುದು ಸಮುದಾಯದ ಗೋಡೆಯಲ್ಲ. ಇನ್ನೂ ಒಂದು ಪರೀಕ್ಷೆಯಿದೆ: ಆ ಕಂಪನಿಯಲ್ಲಿ ಟ್ರಾನ್ಸ್ ಉದ್ಯೋಗಿಗಳಿದ್ದಾರೆಯೇ ಎಂದು ನೇರವಾಗಿ ಕೇಳಿ.

ಚಿತ್ರವನ್ನು ಅಳಿಸುವ ಹಕ್ಕು ಯಾರಿಗಿದೆ ಎಂಬುದನ್ನೂ ಮೊದಲೇ ಬರೆದಿಡಿ. ಗೋಡೆ ಮಾಲೀಕರದಾದರೂ ಕೃತಿಯ ಮೇಲೆ ಕಲಾವಿದರಿಗೆ, ಅದನ್ನು ಕೆಡಿಸುವುದನ್ನು ಪ್ರಶ್ನಿಸಬಲ್ಲ ನೈತಿಕ ಹಕ್ಕುಗಳಿವೆ ಎಂಬುದನ್ನು ಹಲವು ದೇಶಗಳ ಕಾನೂನು ಒಪ್ಪುತ್ತದೆ. ಭಾರತದಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆಯ 57ನೆಯ ಕಲಮಿನಡಿ, ಶಿಲ್ಪಿ ಅಮರನಾಥ್ ಸೆಹಗಲ್ ಅವರ ವಿಜ್ಞಾನ ಭವನದ ಕಂಚಿನ ಭಿತ್ತಿಶಿಲ್ಪವನ್ನು ಕಳಚಿ ಹಾಳುಗೆಡವಿದ ಪ್ರಕರಣದಲ್ಲಿ, ದೆಹಲಿ ಉಚ್ಚ ನ್ಯಾಯಾಲಯವು 2005ರಲ್ಲಿ ಶಿಲ್ಪದ ಉಳಿದ ಭಾಗಗಳನ್ನು ಅವರಿಗೆ ಮರಳಿಸಲು ಮತ್ತು 5 ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿತು. ನ್ಯೂಯಾರ್ಕಿನ 5 ಪಾಯಿಂಟ್ಸ್ ಎಂಬ ಕಟ್ಟಡದ ಚಿತ್ರಗಳಿಗೆ 2013ರಲ್ಲಿ ಮಾಲೀಕರು ರಾತ್ರೋರಾತ್ರಿ ಬಿಳಿ ಬಣ್ಣ ಬಳಿಸಿದ್ದಕ್ಕೆ 2018ರಲ್ಲಿ ನ್ಯಾಯಾಲಯ ಕಲಾವಿದರಿಗೆ 67.5 ಲಕ್ಷ ಡಾಲರ್ ಪರಿಹಾರ ವಿಧಿಸಿತು. ಇಂಥ ತೀರ್ಪುಗಳು ಬರಲು ವರ್ಷಗಳೇ ಬೇಕು. ಅಳಿಸುವ ಮುನ್ನ 90 ದಿನಗಳ ಸೂಚನೆ ಕೊಡಬೇಕು, ಅಷ್ಟರೊಳಗೆ ಸಮುದಾಯಕ್ಕೆ ಚಿತ್ರವನ್ನು ದಾಖಲಿಸಿಕೊಳ್ಳಲು ಅವಕಾಶವಿರಬೇಕು ಎಂಬ ಒಂದು ಸಾಲು ಒಪ್ಪಂದದಲ್ಲಿದ್ದರೆ ಬಹಳಷ್ಟು ಕಣ್ಣೀರು ತಪ್ಪುತ್ತದೆ.

ಪ್ರಶ್ನೆ: ಸದಾ ಸಮುದಾಯಕ್ಕಾಗಿ ದುಡಿಯುವ ಕಲಾವಿದರ ಸ್ವಂತ ಕಲೆ ಏನಾಗುತ್ತದೆ? ನನ್ನ ಸ್ನೇಹಿತೆ ಈ ಕೆಲಸದಲ್ಲಿ ಬಹಳ ದಣಿದಂತೆ ಕಾಣುತ್ತಾರೆ.

ಉತ್ತರ: ಈ ಕೆಲಸದಲ್ಲಿ ದಣಿವು ಸಹಜ, ಅದರಲ್ಲೂ ಕ್ವಿಯರ್ ಕಲಾವಿದರಿಗೆ. ಅವರು ಕೇಳಿಸಿಕೊಳ್ಳುವ ಕಥೆಗಳಲ್ಲಿ ಎಷ್ಟೋ ಅವರದೇ ಕಥೆಗಳಾಗಿರುತ್ತವೆ. ಹೊರಗಿನ ಕಲಾವಿದರು ಸಂಜೆ ಮನೆಗೆ ಹೋಗಿ ಮರೆಯಬಹುದಾದುದನ್ನು ಇವರು ಮರೆಯಲಾರರು, ಮತ್ತು ಗುಂಪಿನಲ್ಲಿ ಯಾರಿಗಾದರೂ ಮಧ್ಯರಾತ್ರಿ ಆಸರೆ ಬೇಕಾದರೆ ಕರೆ ಬರುವುದು ಇವರಿಗೇ.

ಸ್ವಂತ ಅಭ್ಯಾಸಕ್ಕೂ ಗೋಡೆಯ ಕೆಲಸಕ್ಕೂ ವಿರೋಧವಿಲ್ಲ, ಒಂದು ಇನ್ನೊಂದನ್ನು ಪೋಷಿಸುತ್ತದೆ. ಹೇರಿಂಗ್ 1980ರಿಂದ ಸುಮಾರು 5 ವರ್ಷ, ನ್ಯೂಯಾರ್ಕಿನ ಸುರಂಗರೈಲು ನಿಲ್ದಾಣಗಳಲ್ಲಿ ಅವಧಿ ಮುಗಿದ ಜಾಹೀರಾತುಗಳ ಮೇಲೆ ಅಂಟಿಸುತ್ತಿದ್ದ ಕಪ್ಪು ಕಾಗದದ ಮೇಲೆ ಬಿಳಿಯ ಸೀಮೆಸುಣ್ಣದಿಂದ ಚಿತ್ರ ಬರೆಯುತ್ತಿದ್ದರು. ಪೊಲೀಸರು ಹಿಡಿಯುವುದರೊಳಗೆ ಮುಗಿಸಬೇಕಾದ ಆ ಚಿತ್ರಗಳಲ್ಲೇ ಅವರ ಕೈಗೆ ತಿದ್ದುಪಡಿಯಿಲ್ಲದ ಗೆರೆ ಒಲಿಯಿತು. ಮುಂದೆ 1989ರಲ್ಲಿ ಇಟಲಿಯ ಪೀಸಾದಲ್ಲಿ ಚರ್ಚೊಂದಕ್ಕೆ ಸೇರಿದ ಕಟ್ಟಡದ ದೊಡ್ಡ ಗೋಡೆಯನ್ನು ಕೆಲವೇ ದಿನಗಳಲ್ಲಿ ಬರೆಯಲು ಸಾಧ್ಯವಾದದ್ದು ಆ ಕೈಯಿಂದಲೇ. ಯಾರಿಗೂ ಉತ್ತರ ಹೇಳಬೇಕಿಲ್ಲದ ಅಂಥದ್ದೊಂದು ಅಭ್ಯಾಸ, ದಿನಕ್ಕೆ ಒಂದು ಹಾಳೆಯಾದರೂ, ನಿಮ್ಮ ಸ್ನೇಹಿತೆಗೂ ಇರಲಿ.

ಸ್ನೇಹಿತರಾಗಿ ನೀವು ಮಾಡಬಹುದಾದದ್ದು ಸಾಕಷ್ಟಿದೆ. ಅನುಮತಿಪತ್ರ, ಲೆಕ್ಕಪತ್ರ, ಸಾರುವೆ ಬಾಡಿಗೆ, ಸಭೆಯ ಟಿಪ್ಪಣಿ, ಇವನ್ನೆಲ್ಲ ಕಲಾವಿದರೇ ಮಾಡಬೇಕೆಂದಿಲ್ಲ. ಇವುಗಳಲ್ಲಿ ಒಂದನ್ನು ನೀವು ವಹಿಸಿಕೊಳ್ಳಿ. ಆಪ್ತಸಮಾಲೋಚಕರೊಬ್ಬರು ಗುಂಪಿಗೆ ದೊರೆಯುವಂತೆ ಮಾಡಿದರೆ ಮಧ್ಯರಾತ್ರಿಯ ಕರೆಗಳ ಭಾರವೂ ಹಂಚಿಹೋಗುತ್ತದೆ. ಮುಂದಿನ ಯೋಜನೆಗೆ ಅವರು ಅನುದಾನದ ಅರ್ಜಿ ಬರೆಯುವಾಗ ಪಕ್ಕದಲ್ಲಿ ಕುಳಿತು, ಎರಡು ಗೋಡೆಗಳ ನಡುವಿನ ಬಿಡುವಿನ ತಿಂಗಳುಗಳ ಸಂಭಾವನೆಯನ್ನೂ ಆಯವ್ಯಯದಲ್ಲಿ ಸೇರಿಸುವಂತೆ ಹೇಳಿ. ಕೇಳಿದವರಿಗೆಲ್ಲ ಅದು ಸಿಗುವುದಿಲ್ಲ, ಆದರೂ ಅರ್ಜಿಯಲ್ಲಿ ಆ ಸಾಲು ಇರಲಿ.